ಬಟ್ಟೆ ತೆಗೆಯುವ ಕೋಲು

ದಿಲ್ಲಿಯ ಮಯೂರ್ ವಿಹಾರದ ನಮ್ಮ ಬಾಲ್ಕನಿಯಲ್ಲಿ, ಎತ್ತರದ ತಂತಿಯಿಂದ ಬಟ್ಟೆ ಇಳಿಸಲು ಒಂದು ಕೋಲಿದೆ. ಅಸಲಿಗೆ ಅದು ಹಿಮದ ಮೇಲೆ ಜಾರುವವರು ಊರುವ ಸ್ಕೀ ಕೋಲು. ಸೈನ್ಯದಲ್ಲಿ ಜವಾನರಿಗೆ ಸ್ಕೀಯಿಂಗ್ ಕಲಿಸುತ್ತಿದ್ದ ನನ್ನವರು ನಿವೃತ್ತರಾಗಿ ತರಕಾರಿ ತರುವ ಕೆಲಸಕ್ಕೆ ಸೇರಿದಾಗ, ಅವರ ಜೊತೆಯಲ್ಲೇ ಬಂದ ಕೋಲು ಬಟ್ಟೆಯ ಕೆಲಸಕ್ಕೆ ಸೇರಿಕೊಂಡಿತು. ಅದರ ಜೊತೆಯ ಇನ್ನೊಂದು ಬಾಗಿಲ ಹಿಂದೆ ವಿಶ್ರಾಂತಿಯಲ್ಲಿತ್ತು.

ಈ ಚಳಿಗಾಲ ಮಗಳು ಕಾವೇರಿ ಆ ಎರಡೂ ಕೋಲುಗಳನ್ನು ಕೇಳಿದಳು. ಗುಲ್ಮಾರ್ಗ್‌ನಲ್ಲಿ ಎರಡು ಬಂಡೆಗಳ ನಡುವೆ, ನಮ್ಮ ಗಲ್ಲಿಯಷ್ಟೇ ಅಗಲದ, ಏಣಿಯಂತೆ ಕಡಿದಾದ ಹಿಮದ ಕೊರಕಲೊಂದನ್ನು ಅವಳು ಇಳಿಯಬೇಕಂತೆ. ಹೋದ ವರ್ಷ ಅದರ ಬಾಯಿಯವರೆಗೆ ಹೋಗಿ, ಹಿಮ ಗಾಜಿನಂತೆ ಗಟ್ಟಿಯಾಗಿದೆಯೆಂದು ಹಿಂದಿರುಗಿದ್ದಳು. ಅವಳಪ್ಪ ಅದನ್ನೇ ಮೆಚ್ಚಿಕೊಂಡಿದ್ದರು. ನಾನು ಈ ಸಲ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಕೋಲುಗಳನ್ನು ಮಾತ್ರ ಕೊಡಲಿಲ್ಲ. ತಾಯಂದಿರ ರಾಜತಂತ್ರ ಇಷ್ಟೇ ನೋಡಿ.

ಆಗಷ್ಟೇ ನನ್ನ ಮಂಡಿ ಬದಲಾಯಿಸಿದ್ದರು. ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಇನ್ನು ಇಳಿಯಬಹುದೆಂದು ಡಾಕ್ಟರು ಹೇಳಿದ ದಿನ, ನಿತ್ಯ ಓಡಾಡಿದ ಅದೇ ಮೆಟ್ಟಿಲು ಪಾತಾಳದಂತೆ ಕಂಡಿತು. ಗೋಡೆಗೆ ಒರಗಿ, ಹಿಂದಕ್ಕೆ ವಾಲಿ ಕಾಲಿಟ್ಟೆ, ಚಪ್ಪಲಿ ಜಾರಿತು. ಒಂದು ಮೆಟ್ಟಿಲು ಕೆಳಗಿದ್ದ ಕಾವೇರಿ ಹಿಡಿದುಕೊಂಡಳು.

“ಗೋಡೆಗೆ ಯಾಕಮ್ಮ ಚಿಪಕ್ ಆಗ್ತೀಯ? ಕಾಲಿಡೋ ಕಡೆ ನೋಡು. ಒಂದು ಸ್ಟೆಪ್, ಸ್ಟಾಪ್. ಫಿರ್ ಇನ್ನೊಂದು.”

“ನಿನಗೇನೇ, ನಿನ್ನ ಮಂಡಿ ಹೊಸದು.”

“ಹೊಸದು ನಿಂದು. ನಂದು ಹುಟ್ಟಿದಾಗಿನದು.”

ಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನವರು ನಕ್ಕರು. “ಹಿಮದಲ್ಲೂ ಹಿಂಗೇ ಕಣೇ. ಹೆದರಿದವನು ಬೆಟ್ಟ ತಬ್ಬಿಕೊಳ್ಳೋಕೆ ಹೋಗ್ತಾನೆ, ಕಾಲು ಹಿಡಿತ ಬಿಡುತ್ತೆ. ಭಾರ ಕೆಳಗಿನ ಕಾಲ ಮೇಲಿರಬೇಕು, ಎದೆ ಇಳಿಜಾರಿನ ಕಡೆ. ಕೋಲು ಊರು, ತಿರುಗು, ನಿಲ್ಲು. ನಿಲ್ಲೋಕೆ ಬಂದ್ರೆ ಇಳಿಯೋಕೆ ಬಂದ ಹಾಗೆ.”

ಹತ್ತುವವನಿಗೆ ಉಸಿರು ಬೇಕು, ಇಳಿಯುವವನಿಗೆ ಬುದ್ಧಿ ಬೇಕು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಹಿಮವನ್ನೇ ಕಾಣದ ಅಜ್ಜಿ. ಭಯವಾದಾಗ ಹತ್ತಿರವಿದ್ದದ್ದನ್ನು ಬಾಚಿ ತಬ್ಬಿಕೊಳ್ಳುವುದು ದೇಹಕ್ಕೆ ಗೊತ್ತಿರುವ ಒಂದೇ ವೇದಾಂತವಿರಬೇಕು. ಗೋಡೆಯಾದರೆ ಗೋಡೆ, ಬೆಟ್ಟವಾದರೆ ಬೆಟ್ಟ, ನನ್ನಂಥವಳಿಗೆ ಮಗಳು. ನಾನು ಗೋಡೆ ಬಿಟ್ಟೆ, ಕಂಬಿ ಹಿಡಿದೆ, ಕೆಳಗೆ ನೋಡಿದೆ. ಒಂದು ಮೆಟ್ಟಿಲು, ಒಂದು ನಿಲುಗಡೆ. ಕೊನೆಗೆ ಕಾಲಿಗೆ ಅಂಗಳದ ಎಳೆಬಿಸಿಲು ಸಿಕ್ಕಿತು. ತರಕಾರಿ ಭಯ್ಯಾ ಗಾಡಿ ನಿಲ್ಲಿಸಿ, ಪರವೂರಿಂದ ಬಂದವಳನ್ನು ನೋಡುವಂತೆ ನನ್ನನ್ನು ನೋಡಿದ.

ಮರುದಿನ ಬಾಲ್ಕನಿಯ ಕೋಲನ್ನು ಒರೆಸಿ, ಬಾಗಿಲ ಹಿಂದಿನದರ ಜೊತೆ ಕಾವೇರಿಯ ಕೈಗಿಟ್ಟೆ.

“ಹಿಮ ಗಟ್ಟಿಯಿದ್ರೆ?”

“ವಾಪಸ್ ಬರ್ತೀನಿ.”

“ಮೆತ್ತಗಿದ್ರೆ?”

“ಇಳಿದು, ವಾಪಸ್ ಬರ್ತೀನಿ.”

ಅವಳು ಹೋಗಿ ಈಗ ನಾಲ್ಕೈದು ದಿನವಾಯಿತು. ಎತ್ತರದ ತಂತಿಯ ಮೇಲೆ ನನ್ನದೊಂದು ಸೀರೆ ಹಾಗೇ ಇದೆ. ಒಣಗಿ, ದಿಲ್ಲಿಯ ಧೂಳು ಕುಡಿದು, ಮತ್ತೆ ಒಗೆಯುವ ಸ್ಥಿತಿಗೆ ಬಂದಿದೆ. ಬೇರೆ ಕೋಲು ತರಲೇ ಎಂದು ನನ್ನವರು ಕೇಳಿದರು. ಬೇಡ ಎಂದೆ. ಬಟ್ಟೆ ತೆಗೆಯುವ ಕೋಲು ಬರುತ್ತಿದೆ.