ಹುಳದ ಮನೆ ಸೇರಿದ ಪುಸ್ತಕ

ಆಗೆಲ್ಲ ಶಿಡ್ಲಘಟ್ಟದಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದರೂ ರೇಷ್ಮೆಗೂಡು ಬೇಯಿಸುವ ವಾಸನೆಯೇ. ಬಸ್ಸಿಳಿದ ನೆಂಟರು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ನಮಗೆ ಮಾತ್ರ ಅದು ಊರು ಬಂತೆಂಬ ಗುರುತು. ಟಿ.ವಿ. ಇದ್ದ ಮನೆಗಳು ನಮ್ಮ ಬೀದಿಯಲ್ಲಿ ಎರಡೇ. ಎಂಬತ್ತರ ದಶಕದ ಆ ದಿನಗಳಲ್ಲಿ, ಕಾನ್ವೆಂಟಿನ ಎಂಟನೇ ಕ್ಲಾಸಿನ ನಾವು ನಾಲ್ಕೈದು ಹುಡುಗಿಯರು ಹೆದರಿಕೊಳ್ಳುವುದಕ್ಕೆಂದೇ ಪುಸ್ತಕ ಓದುತ್ತಿದ್ದೆವು. ನಿಮ್ಮಲ್ಲಿಯೂ ಕೆಲವರು ಹಾಗೆ ಓದಿರಬಹುದು. ಭೂಗೋಳದ ಪುಸ್ತಕದೊಳಗೆ ಇನ್ನೊಂದು ಪುಸ್ತಕವನ್ನಿಟ್ಟುಕೊಂಡು, ಕಿವಿಯನ್ನು ಬಾಗಿಲ ಕಡೆಗೆ ಬಿಟ್ಟು.

ಪುಸ್ತಕ ತರುವವಳು ನಾನು. ಚಿಂತಾಮಣಿಯಲ್ಲಿದ್ದ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಮಾಯಾಲೋಕದ ಕಾದಂಬರಿಗಳ ಹುಚ್ಚಿ. ಓದಿ ಮುಗಿಸಿದ್ದನ್ನೆಲ್ಲ ಹಳೇ ಪೇಪರಿನಲ್ಲಿ ಸುತ್ತಿ, ಸೀಬೆಹಣ್ಣಿನ ಚೀಲದ ತಳದಲ್ಲಿಟ್ಟು ನನಗೆ ಕಳಿಸುತ್ತಿದ್ದಳು. ಹಾಗಾಗಿ ನಮ್ಮ ಮಾಂತ್ರಿಕರೂ ರಕ್ಕಸರೂ ಮಾತಾಡುವ ಕನ್ನಡಿಗಳೂ ಒಂದಿಷ್ಟು ಸೀಬೆಯ ಪರಿಮಳದೊಂದಿಗೇ ಬರುತ್ತಿದ್ದವು.

ಯಾವುದನ್ನು ಯಾರು ಮೊದಲು ಓದಬೇಕೆಂದು ತೀರ್ಮಾನಿಸುವವಳು ವಸಂತಾ. ಅವಳ ಅಪ್ಪ ತೀರಿಕೊಂಡಿದ್ದರು. ಗೌರಿಬಿದನೂರಿನ ಹತ್ತಿರದ ಹಳ್ಳಿಯಲ್ಲಿ ಅಮ್ಮ ಕೂಲಿಗೆ ಹೋಗುತ್ತಿದ್ದಳು. ಸಿಸ್ಟರುಗಳು ವಸಂತಾಳನ್ನು ಹಾಸ್ಟೆಲಿನಲ್ಲಿಟ್ಟುಕೊಂಡು, ಊಟ ಬಟ್ಟೆ ಕೊಟ್ಟು ಓದಿಸುತ್ತಿದ್ದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ನಮ್ಮೊಡನೆ ಕನ್ನಡ. ಮೂರರಲ್ಲೂ ಅವಳು ಮಾತಿನಮಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಹುಣಸೆಮರದ ಕೆಳಗೆ ಕೂತು, ನನ್ನ ಡಬ್ಬಿಯ ಖೀಮಾ ಕಡೆ ನೋಡದೆ ಚಪಾತಿಯನ್ನಷ್ಟೇ ಮುರಿದುಕೊಂಡು, ಡಾಕ್ಟರ ಹಾಗೆ ನಮ್ಮನ್ನು ವಿಚಾರಿಸುತ್ತಿದ್ದಳು.

"ಹೋದ ಪುಸ್ತಕದಲ್ಲಿ ಎಲ್ಲಿ ಅತ್ತೆ?"

"ಕುದುರೆ ಸತ್ತಾಗ."

"ಸರಿ, ಹಾಗಾದ್ರೆ ನಿಂಗೆ ಇದು ಬೇಡ. ಇದ್ರಲ್ಲಿ ಆನೆ ಸಾಯುತ್ತೆ. ಫಿಲೋಮಿನಾ ತಗೊಳ್ಳಲಿ, ಅವಳು ಕಲ್ಲು."

"ನೀನೇ ಕಲ್ಲು ಕಣೇ," ಎಂದು ಫಿಲೋಮಿನಾ ಬೈದರೂ ಪುಸ್ತಕ ಬಿಡುತ್ತಿರಲಿಲ್ಲ.

ಓದಿದವರು ಮುಂದಿನವರಿಗೆ ಚೀಟಿ ಬರೆದಿಡಬೇಕು ಎನ್ನುವುದೂ ವಸಂತಾಳ ಕಾನೂನೇ. ಸಿಕ್ಕಿಬಿದ್ದರೆ ಗೊತ್ತಾಗಬಾರದೆಂದು ಎಲ್ಲರಿಗೂ ಗುಪ್ತ ಹೆಸರು. ಅವಳು ಗೂಬೆರಾಣಿ. ನನಗೆ ಅವಳೇ ಇಟ್ಟ ಹೆಸರು ಪುಕ್ಕಲಿ. ನಾನು ಬೇಡವೆಂದು ಎಷ್ಟು ಗೋಗರೆದರೂ ಅದೇ ನಿಂತಿತು. "ಪುಕ್ಕಲಿಗೆ ಗೂಬೆರಾಣಿಯ ಸಲಹೆ: ಮೂರನೇ ಅಧ್ಯಾಯವನ್ನು ಬೆಳಕಿರುವಾಗಲೇ ಓದು. ಬಚ್ಚಲಿಗೆ ಹೋಗಿ ಬಂದು ಓದು." ಕೆಳಗೆ ನನ್ನ ಕಾಗೆಕಾಲಿನ ಅಕ್ಷರ: "ಓದಿದೆ. ರಾಜಕುಮಾರ ಚೆನ್ನಾಗಿದ್ದಾನೆ, ಆದರೆ ಪೆದ್ದ."

ಇಷ್ಟೆಲ್ಲ ಗುಟ್ಟು ಏಕೆಂದರೆ, ಹಿಂದಿನ ವರ್ಷ ಹಾಸ್ಟೆಲಿನ ಹುಡುಗಿಯೊಬ್ಬಳು ಇಂಥದ್ದೇನೋ ಓದಿ ನಿದ್ದೆಯಲ್ಲಿ ಕಿರುಚಿ, ಚಿಕ್ಕ ಮಕ್ಕಳೆಲ್ಲ ಹೆದರಿ ಜ್ವರ ಹಿಡಿಸಿಕೊಂಡಿದ್ದರು. ಅಂದಿನಿಂದ ಮಾಟಮಂತ್ರದ ಪುಸ್ತಕ ಕಂಡರೆ ಸುಮ್ಮನಿರುವುದಿಲ್ಲವೆಂದು ಸಿಸ್ಟರುಗಳು ಪ್ರಾರ್ಥನೆಯ ಹೊತ್ತಿನಲ್ಲೇ ಹೇಳಿದ್ದರು. ಮನೆಯಿಂದ ಬರುವವರಾದರೆ ಅಪ್ಪನನ್ನು ಕರೆಸುತ್ತಾರೆ. ಹಾಸ್ಟೆಲಿನವರಾದರೆ ಪೆಟ್ಟಿಗೆ ಕಟ್ಟಿ ಊರಿಗೆ ಕಳಿಸುತ್ತಾರೆ. ಅದಕ್ಕೇ ಪುಸ್ತಕಗಳು ನನ್ನ ಮನೆಯಲ್ಲಿರುತ್ತಿದ್ದವು.

ನಮ್ಮ ಮನೆಯಲ್ಲಿಯಾದರೂ ಜಾಗವೆಲ್ಲಿ? ಅಮ್ಮಿ ದಿನವೂ ಹಾಸಿಗೆ ಕೊಡವುವವಳು, ವಾರಕ್ಕೊಮ್ಮೆ ಅಟ್ಟ ಗುಡಿಸುವವಳು. ಅವಳು ಮುಟ್ಟದ ಒಂದೇ ಒಂದು ವಸ್ತು ಎಂದರೆ ಪಡಸಾಲೆಯ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಗಳು. ಕಂಡಿಲ್ಲದವರಿಗೆ ಹೇಳುತ್ತೇನೆ: ಬಾಗಿಲಿನಷ್ಟಗಲದ ಬಿದಿರು ಚಾಪೆ, ಅದರ ಮೇಲೆ ಚಕ್ಕುಲಿಯ ಹಾಗೆ ಸುತ್ತಿಸುತ್ತಿ ನಿಲ್ಲಿಸಿದ ಬಿದಿರಿನ ಪಟ್ಟಿ. ರೇಷ್ಮೆಹುಳ ಸೊಪ್ಪು ತಿಂದು ಹಣ್ಣಾದಾಗ ಅದರ ಮೇಲೆ ಬಿಡುತ್ತಾರೆ, ಅಲ್ಲಿ ಅವು ಗೂಡು ಕಟ್ಟುತ್ತವೆ. ಅಬ್ಬಾ ಅಂಥ ಇಪ್ಪತ್ತು ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಒಂದೊಂದರ ಅಂಚಿಗೂ ಕೆಂಪು ಬಣ್ಣದಲ್ಲಿ ನಂಬರು. ಹಿಂಬದಿಯಲ್ಲಿ ಚಾಪೆಗೂ ಅಡ್ಡಪಟ್ಟಿಗೂ ನಡುವೆ ಪುಸ್ತಕವೊಂದು ಬಿಗಿಯಾಗಿ ಕೂರುವಷ್ಟು ಸಂದಿ. ನನ್ನ ಅಲಮಾರು ಅದೇ.

ಆ ಚಳಿಗಾಲದ ಶುರುವಿನಲ್ಲಿ ಖಾಲಾ ಕಳಿಸಿದ ಪುಸ್ತಕಕ್ಕೆ ರಟ್ಟೇ ಇರಲಿಲ್ಲ, ಹೆಸರೂ ಇಲ್ಲ. ಬಾವಿಯೊಳಗೆ ಇಳಿದ ಹುಡುಗಿಯೊಬ್ಬಳಿಗೆ ತಳದಲ್ಲಿ ಒಂದು ಪಟ್ಟಣ ಸಿಗುತ್ತದೆ. ಅಲ್ಲಿ ಯಾರಿಗೂ ನೆರಳಿಲ್ಲ, ಹೊಸದಾಗಿ ಬಂದವರ ನೆರಳನ್ನು ಕದಿಯಲು ಕಾಯುತ್ತಿರುತ್ತಾರೆ. ಎರಡು ದಿನ ನಾನು ನಮ್ಮ ಬಾವಿಕಟ್ಟೆಯ ಬಳಿಗೆ ಹೋಗಲಿಲ್ಲ. ವಸಂತಾಳೂ ನಾನೂ ಬರೆದ ಚೀಟಿ ಒಳಗಿತ್ತು. ಹದಿನೇಳನೇ ನಂಬರಿನ ಹಿಂದೆ ಸಿಕ್ಕಿಸಿ ಶಾಲೆಗೆ ಹೋದೆ.

ಸಂಜೆ ಬಂದು ನೋಡಿದರೆ ಪಡಸಾಲೆ ಬೋಳು.

"ಅಬ್ಬಾ, ಚಂದ್ರಿಕೆ ಎಲ್ಲಿ?"

"ನಿಮ್ಮ ಸ್ಕೂಲಿಗೇ ಕಳಿಸ್ದೆ ಕಣಮ್ಮಾ. ಸಿಸ್ಟರ್ ಹೇಳಿ ಕಳಿಸಿದ್ರು, ಒಂದು ದಿನ ಮುಂಚೇನೇ ಹುಳ ಹಣ್ಣಾಗ್ಬಿಟ್ಟಿವೆಯಂತೆ. ಇಪ್ಪತ್ತೂ ಗಾಡಿಗೆ ಹಾಕ್ದೆ."

ಕಾನ್ವೆಂಟಿನ ಹಿಂದೆ ಹಿಪ್ಪುನೇರಳೆ ತೋಟವಿತ್ತು, ಪಕ್ಕದಲ್ಲಿ ಹಂಚಿನ ಹುಳದ ಮನೆ. ಹಾಸ್ಟೆಲಿನ ಖರ್ಚಿಗೆಂದು ಸಿಸ್ಟರುಗಳು ಬೆಳೆ ತೆಗೆಯುತ್ತಿದ್ದರು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಮ್ಮ ಚಂದ್ರಿಕೆಗಳು ಯಾವತ್ತೂ ಹಳ್ಳಿಯ ರೈತರಿಗೇ ಹೋಗುತ್ತಿದ್ದವು. ಅಮ್ಮಿ ಕೊಟ್ಟ ಚಹಾದ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತ ಕೂತೆ.

ಮರುದಿನ ಗೇಟಿನಲ್ಲೇ ವಸಂತಾ ನನ್ನ ರಟ್ಟೆ ಹಿಡಿದಳು. ಅವಳ ಬೆರಳುಗಳಿಗೆ ಸೊಪ್ಪಿನ ಹಸಿರು ಅಂಟಿತ್ತು.

"ನೋಡ್ದೆ ಕಣೇ. ಹದಿನೇಳು. ನಿನ್ನೆ ಹುಳ ಬಿಡೋಕೆ ಹಾಸ್ಟೆಲಿನವ್ರನ್ನೇ ಕರೆದಿದ್ರು."

"ತೆಗೀಲಿಲ್ವಾ?"

"ಹೆಂಗೆ ತೆಗೀಲೇ? ಸಿಸ್ಟರ್ ಪಕ್ಕದಲ್ಲೇ ನಿಂತಿದ್ರು. ಅದ್ರ ಮೇಲೆ ಹುಳ ಬಿಟ್ಟೋಳು ನಾನೇ! ಈಗ ಐದು ದಿನ ಯಾರೂ ಮುಟ್ಟೋ ಹಂಗಿಲ್ಲ."

ಅದು ರೇಷ್ಮೆ ಊರಿನ ಯಾವ ಮಗುವಿಗೂ ಹೇಳಿಕೊಡಬೇಕಾದ ಮಾತಲ್ಲ. ಹುಳ ನೂಲು ಬಿಡುವಾಗ ಚಂದ್ರಿಕೆ ಅಲುಗಿದರೆ ಎಳೆ ಕಡಿಯುತ್ತದೆ, ಗೂಡು ಕೆಡುತ್ತದೆ. ಬಾಗಿಲಲ್ಲಿ ಸುಣ್ಣದ ಪುಡಿ ಚೆಲ್ಲಿ, ವಾಸನೆ ಹುಳಕ್ಕಾಗದೆಂದು ಮಲ್ಲಿಗೆ ಮುಡಿದವರನ್ನೂ ಒಳಗೆ ಬಿಡುತ್ತಿರಲಿಲ್ಲ.

"ಭಯಮಾ?" ಎಂದು ತೆಲುಗಿನಲ್ಲಿ ಕೆಣಕಿದಳು. ಆದರೆ ಬೆರಳಿನ ಹಸಿರನ್ನು ಲಂಗಕ್ಕೆ ಉಜ್ಜುತ್ತಲೇ ಇದ್ದಳು. "ಗೂಡು ಬಿಡಿಸೋ ದಿನ ನಮ್ಮ ಕ್ಲಾಸ್‌ನೇ ಕರೀತಾರೆ. ಓಡಿ ಹೋಗಿ ಹದಿನೇಳು ಹಿಡ್ಕೊಳ್ಳಣ. ಸುಮ್ನಿರು, ಆಗುತ್ತೆ."

ಆ ಐದು ದಿನ ನಾನು ಏನು ತಿಂದೆನೋ ನೆನಪಿಲ್ಲ. ಪ್ರಾರ್ಥನೆಯಲ್ಲಿ ಸಿಸ್ಟರ್ ಕೆಮ್ಮಿದರೂ ನನ್ನ ಹೆಸರು ಕರೆದರೆಂದು ಬೆಚ್ಚುತ್ತಿದ್ದೆ. ಇಂಗ್ಲಿಷ್ ಪದ್ಯ ಒಪ್ಪಿಸುವಾಗ ಮೂರನೇ ಸಾಲಿಗೇ ಮರೆತು ನಿಂತೆ. ಮಗಳಿಗೆ ದೃಷ್ಟಿಯಾಗಿದೆ ಎಂದು ಅಮ್ಮಿ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತಳು. ಅವಳಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಪ್ರತಿ ಬಿಡುವಿನಲ್ಲೂ ವಸಂತಾ, ನಾನು ಹುಳದ ಮನೆಯ ಬೇಲಿಯ ತನಕ ಹೋಗಿ ನಿಲ್ಲುತ್ತಿದ್ದೆವು. ಜಗಲಿಯ ನೆರಳಿನಲ್ಲಿ ಚಂದ್ರಿಕೆಗಳು ಓರೆಯಾಗಿ ನಿಂತಿದ್ದವು. ಮೊದಲು ಹುಳ ಕಾಣುತ್ತಿತ್ತು, ಆಮೇಲೆ ಮಂಜಿನಂಥ ಬಲೆ, ಆಮೇಲೆ ಹಳದಿ ಗೂಡು. ಅಷ್ಟು ಚೆಂದದ್ದನ್ನು ಅಷ್ಟು ಹೆದರಿಕೊಂಡು ನಾನು ಮತ್ತೆಂದೂ ನೋಡಿಲ್ಲ.

ಶನಿವಾರ ಕೊನೇ ಪೀರಿಯಡ್ಡಿಗೆ ನಮ್ಮನ್ನು ಕರೆದರು. ಲಂಗ ಎತ್ತಿ ಕಟ್ಟಿಕೊಂಡು ಓಡಿದೆವು. ಹುಳದ ಮನೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮಂಗಳೂರು ಕಡೆಯವರು. ದಪ್ಪ ಕನ್ನಡಕ, ಮೆತ್ತನೆಯ ದನಿ. ಯಾರನ್ನೂ ಹೊಡೆದವರಲ್ಲ. ಅವರು ಆಗಲೇ ಒಂದು ಚಂದ್ರಿಕೆಯನ್ನು ಮಲಗಿಸಿ, ಗೂಡು ಬಿಡಿಸುವುದು ಹೇಗೆಂದು ತೋರಿಸಲು ಕಾಯುತ್ತಿದ್ದರು. ಅಂಚಿನ ಕೆಂಪು ನಂಬರನ್ನು ನಾನು ದೂರದಿಂದಲೇ ಓದಿದೆ.

"ಮೆಲ್ಲ ಬಿಡಿಸ್ಬೇಕು ಮಕ್ಕಳೇ, ಹೀಗೆ. ಹಿಂದೆ ಹೋಗಿ ಕಟ್ಟಿದ್ದೂ ಉಂಟು, ಅದನ್ನು ಮರೀಬಾರ್ದು," ಎನ್ನುತ್ತ ಚಂದ್ರಿಕೆಯನ್ನು ಎತ್ತಿ ತಿರುಗಿಸಿದರು.

ನಾಲ್ಕು ಹುಳ ಹಿಂಬದಿಗೆ ಹರಿದುಹೋಗಿ ಪುಸ್ತಕದ ಮೈಗೇ ಗೂಡು ಕಟ್ಟಿದ್ದವು. ಹಳದಿ ಎಳೆಗಳಿಂದ ಪುಟಗಳು ಬಿದಿರಿಗೆ ಅಂಟಿಕೊಂಡಿದ್ದವು. ಸಿಸ್ಟರ್ ಸಿಟ್ಟಾಗಲಿಲ್ಲ. ಮೊದಲು ಗೂಡುಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿದರು. ಆಮೇಲೆ ಪುಸ್ತಕ ತೆರೆದರು. ಚೀಟಿ ಅವರ ಕೈಗೇ ಬಂತು.

"ಗೂಬೆರಾಣಿ ಯಾರು?"

ಬೇವಿನ ಮರದಲ್ಲಿ ಅಳಿಲು ಕೂಗುತ್ತಿತ್ತು. ಸಿಸ್ಟರ್ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದರು.

"ಈ ಅಕ್ಷರ ನನಗೆ ಗೊತ್ತುಂಟು. ವಸಂತಾ?"

"ಹೌದು ಸಿಸ್ಟರ್."

"ಇನ್ನೊಂದು ಅಕ್ಷರ ಉಂಟಲ್ಲ. ಪುಕ್ಕಲಿ ಯಾರು?"

ನಾನು ವಸಂತಾಳಿಂದ ಒಂದು ಮೊಳ ದೂರದಲ್ಲಿದ್ದೆ. ಪುಸ್ತಕ ನನ್ನದು, ಅವಿತಿಟ್ಟವಳು ನಾನು, ಅವಳನ್ನು ಕಳಿಸಬೇಡಿ. ಅಷ್ಟೇ ಹೇಳಬೇಕಿತ್ತು. ಹೆಚ್ಚೆಂದರೆ ಅಬ್ಬಾ ಬಂದು ತಲೆ ತಗ್ಗಿಸಿ ನಿಲ್ಲುತ್ತಿದ್ದರು, ಮನೆಯಲ್ಲಿ ಎರಡು ಏಟು ಬೀಳುತ್ತಿದ್ದವು. ನನ್ನ ಕಣ್ಣು ಮಾತ್ರ ಬುಟ್ಟಿಯ ಗೂಡುಗಳನ್ನೇ ನೋಡುತ್ತಿತ್ತು.

"ಅದೂ ನಾನೇ ಸಿಸ್ಟರ್," ಎಂದಳು ವಸಂತಾ. "ಎಡಗೈಲಿ ಬರೆದಿದ್ದು. ಸುಮ್ನೆ ಆಟಕ್ಕೆ."

"ಈ ಚಂದ್ರಿಕೆ ಶಮೀಮಾಳ ಮನೆಯದ್ದಲ್ಲವಾ?" ಎಂದು ಸಿಸ್ಟರ್ ನನ್ನತ್ತ ಬೆರಳು ತೋರಿಸಿದರು.

"ಚಂದ್ರಿಕೆ ಅವ್ರದು. ಪುಸ್ತಕ ನಂದು. ಹುಳ ಬಿಡೋವಾಗ ನಾನೇ ಸಿಕ್ಕಿಸ್ದೆ. ಅವಳಿಗೇನೂ ಗೊತ್ತಿಲ್ಲ."

ಸಿಸ್ಟರ್ ಜೇಬಿನಿಂದ ಪೆನ್ಸಿಲು ತೆಗೆದು ಚೀಟಿಯ ಹಿಂಬದಿಯನ್ನು ಮುಂದೆ ಹಿಡಿದರು. ವಸಂತಾ ನೆಲದ ಮೇಲೆ ಕೂತು, ಎಡಗೈಯಲ್ಲಿ ಪೆನ್ಸಿಲು ಹಿಡಿದು, ನಾಲಿಗೆ ಕಚ್ಚಿಕೊಂಡು ನನ್ನ ಹಾಗೆ ಬರೆದಳು. ಅಷ್ಟು ದಿನ ನನ್ನ ಅಕ್ಷರ ನೋಡಿ ನಕ್ಕಿದ್ದಳಲ್ಲ, ಅದರ ವಕ್ರವೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಪೂರ್ತಿ ಹೋಲಲಿಲ್ಲ. ಸಿಸ್ಟರ್ ಚೀಟಿಯನ್ನು ನೋಡಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬಹಳ ಹೊತ್ತು ಕಾದರು. ಈಗ ಅನ್ನಿಸುತ್ತದೆ, ಅವರು ನನಗಾಗಿಯೇ ಕಾದದ್ದು. ನಾನು ತಲೆ ತಗ್ಗಿಸಿದೆ.

"ಸರಿ, ಗೂಡು ಬಿಡಿಸಿ," ಎಂದು ಪುಸ್ತಕ ತೆಗೆದುಕೊಂಡು ಹೋದರು.

ಸೋಮವಾರ ವಸಂತಾಳ ಸೋದರಮಾವ ಬಂದರು. ತಗಡಿನ ಪೆಟ್ಟಿಗೆ ಹೆಗಲ ಮೇಲೆ, ಕೈಯಲ್ಲಿ ಅವಳ ಚಾಪೆಯ ಸುರುಳಿ. ನಾನು ಗೇಟಿನ ಬಳಿ ಓಡಿದೆ. ಕ್ಷಮೆ ಕೇಳಬೇಕೆಂದು ಹೋದವಳು ಬರೀ ಅತ್ತೆ.

"ಅಳಬೇಡ ಕಣೇ," ಎಂದಳು. "ಇಬ್ರೂ ಸಿಕ್ಕಿಬಿದ್ರೆ ಓದೋರು ಯಾರು?"

"ಅಲ್ಲಿ ಸ್ಕೂಲಿದೆಯಾ?"

"ಏಳನೇ ಕ್ಲಾಸಿನ ತನಕ ಇದೆ." ನಕ್ಕಳು. "ನಾನು ಎಂಟು ಅಲ್ವಾ?"

ಮಾವ ಬಸ್ಸಿಗೆ ಹೊತ್ತಾಯಿತೆಂದು ಕೂಗಿದರು. ಅವಳು ಹಿಂದಿರುಗಿ ನೋಡಲಿಲ್ಲ.

ಹುಣಸೆಮರದ ಕೆಳಗಿನ ಗುಂಪು ಆ ವಾರವೇ ಚದುರಿತು. ಖಾಲಾ ಪುಸ್ತಕ ಕಳಿಸುತ್ತಲೇ ಇದ್ದಳು. ಓದಿದೆ, ಯಾರಿಗೂ ಕೊಡಲಿಲ್ಲ. ವಸಂತಾಳಿಂದ ಕಾಗದ ಬರಲಿಲ್ಲ. ವಿಳಾಸ ಗೊತ್ತಿದ್ದ ನಾನೂ ಬರೆಯಲಿಲ್ಲ. ಮದುವೆಯಾಗಿ ಅಲೀಪುರದ ಕಡೆಗೆ ಬಂದೆ. ಇಲ್ಲಿಂದ ಅವಳ ಹಳ್ಳಿ ಒಂದು ಬಸ್ಸಿನ ದೂರ. ಈಗ ನನ್ನ ಮಗಳ ಫೋನಿನಲ್ಲಿ ಇಂಥ ಕಾದಂಬರಿಗಳನ್ನು ಓದುವವರದೇ ದೊಡ್ಡ ಗುಂಪಿದೆ. ಮುಖ ನೋಡದವರು ರಾಜಾರೋಷವಾಗಿ ಪುಸ್ತಕ ಸೂಚಿಸಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಯಾರೂ ಯಾರಿಗೂ ಹೆದರುವುದಿಲ್ಲ. ಮಗಳು ನನ್ನನ್ನೂ ಸೇರಿಸಿದ್ದಾಳೆ. ಒಳ್ಳೆಯ ಪುಸ್ತಕಗಳೇ ಸಿಗುತ್ತವೆ. ಆದರೆ ನಾನು ಎಲ್ಲಿ ಅಳುತ್ತೇನೆಂದು ತಿಳಿದು ಆರಿಸಿ ಕೊಡುವವರು ಅಲ್ಲಿಲ್ಲ.

ಗೌರಿಬಿದನೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಜೋರಾಗಿ, ತೆಲುಗು ಬೆರೆಸಿ ಮಾತಾಡುವುದು ಕೇಳಿದರೆ ಇಂದಿಗೂ ಕಾಲು ನಿಲ್ಲುತ್ತದೆ. ಅವಳೇ ಆಗಿರಲಿ ಎಂದು ಆಸೆ. ಏನು ಓದುತ್ತಿದ್ದೀಯೆಂದು ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ. ಅವತ್ತು ಯಾಕೆ ಸುಮ್ಮನಿದ್ದೆ ಎಂದು ಕೇಳಿಬಿಟ್ಟರೆ? ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡು, ಅವಳ ಮುಖ ನೋಡದೆ, ಮುಂದಿನ ಬಸ್ಸು ಹತ್ತಿಬಿಡುತ್ತೇನೆ.