ಮೊದಲ ಕುಂಡೆಕುಸ್ಕ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಆಗ ನಮ್ಮ ಪಕ್ಕದ ಮನೆಯವರು ಧಾರವಾಡ ಕಡೆಯ ಇಂಜಿನಿಯರು. ವಲಸೆ ಹಕ್ಕಿ ಊರಿಗೆ ಬಂದ ಮೊದಲ ದಿನವನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸುವ ಹವ್ಯಾಸಿಗಳ ಗುಂಪಿನಲ್ಲಿದ್ದರು. ದಸರೆ ಬಂತೆಂದರೆ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡೇ ಹಲ್ಲುಜ್ಜುವರು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬೇರೆಯವರು ಹಕ್ಕಿ ಕಂಡಿತೆಂದರೆ, "ನಾ ಕಣ್ಣಾರೆ ಕಂಡಿಲ್ರಿ, ಹ್ಯಾಂಗ ಬರೀಲಿ?" ಎನ್ನುವರು.

ಒಂದು ವರ್ಷ, ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವರ ಹೆಂಡತಿಗೇ ಬಾಲ ಕುಣಿಸುವ ಕುಂಡೆಕುಸ್ಕ ಮೊದಲು ಕಂಡಿತು. ಇವರು ಓಡಿಬರುವಷ್ಟರಲ್ಲಿ ಹಾರಿಹೋಗಿತ್ತು.

"ನಾ ಕಣ್ಣಾರೆ ಕಂಡಿಲ್ಲಲ್ಲ," ಎಂದರು.

"ನಾ ನೋಡೀನಲ್ಲ. ನನ್ನ ಹೆಸರಲೆ ಬರೀರಿ," ಎಂದರು ಆಕೆ.

ನಾನು ನಮ್ಮ ತಾರಸಿಯಿಂದ ನೋಡುತ್ತಿದ್ದೆ. ಇಂಜಿನಿಯರು ಬೈನಾಕ್ಯುಲರನ್ನು ತೆಗೆದು ಹೆಂಡತಿಯ ಕೊರಳಿಗೆ ಹಾಕಿ, ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಯನ್ನು ತಾವೇ ಹಿಂಡತೊಡಗಿದರು.