ಅವ್ವ ಪರದೆಯ ಹಿಂದೆ ಕಟ್ಟಿದ ದಂಡಿ

ನನ್ನ ಅವ್ವ ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿನ ಅಂಗಡಿ ಇಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ "ಆಕಿ ಕೈಯಾಗ ಲಕ್ಷ್ಮಿ ಇದ್ಲು" ಎಂದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅದೇ ಕೈಯನ್ನು ಬೇಡವೆಂದವರು ಇವರೇ.

ಅಪ್ಪ ಸತ್ತಾಗ ನನಗೆ ಹದಿನಾಲ್ಕು. ಅವ್ವ ಹದಿನೈದೇ ದಿನಕ್ಕೆ ಅಂಗಡಿ ತೆರೆದಳು. ಇಲ್ಲದಿದ್ದರೆ ನಾವಿಬ್ಬರೂ ಮಣ್ಣು ತಿನ್ನಬೇಕಿತ್ತೇನು? ಹೆಣದ ಹಾರಕ್ಕೆ ಯಾರ ತಕರಾರೂ ಇರಲಿಲ್ಲ. ಮದುವೆ ಹೂವಿಗೆ ಮಾತ್ರ ಗಂಡ ಸತ್ತವಳ ಕೈ ತಾಗಬಾರದು. ನೇಕಾರರ ಓಣಿಯ ಹೆಂಗಸೊಬ್ಬಳು ಮಗಳ ಮದುವೆಗೆಂದು ಬಂದು ನೆಟ್ಟಗೆ ಹೇಳಿದಳು: "ಸಿಟ್ಟಾಗಬ್ಯಾಡ ತಂಗಿ. ದಂಡಿ ನಿನ್ನ ಮಗಳ ಕೈಲೆ ಕಟ್ಟಸು. ನೀ ಮುಟ್ಟಬ್ಯಾಡ."

ದಂಡಿ ಮದುಮಗಳ ತಲೆಗೆ ಕಟ್ಟುವ ಹೂವು. ನಾನು ಕಟ್ಟಿದ್ದರೆ ಮಂಟಪ ಮುಟ್ಟುವುದರೊಳಗೆ ಅರ್ಧ ಉದುರುತ್ತಿತ್ತು.

"ಆತ್ರಿ ಅಕ್ಕಾರ" ಎಂದಳು ಅವ್ವ. ಆಮೇಲೆ ಪರದೆಯ ಹಿಂದೆ ಕೂತು, ಕಾಲ್ಬೆರಳಿಗೆ ದಾರ ಸಿಕ್ಕಿಸಿ, ಮಲ್ಲಿಗೆಗೆ ಅಬ್ಬಲಿಗೆ ಸೇರಿಸಿ ತಾನೇ ಕಟ್ಟಿದಳು. ಬುಟ್ಟಿ ಹಿಡಿದು ಮುಂದೆ ನಿಂತವಳು ನಾನು. "ಎಷ್ಟ ಛಂದ ಕಟ್ಟೀಯಲ್ಲ ನನ್ನವ್ವಾ" ಎಂದು ಆ ಹೆಂಗಸು ನನ್ನ ಗಲ್ಲ ಹಿಂಡಿದಳು.

ಅವಳು ಹೋದದ್ದೇ ಜಗಳ ತೆಗೆದೆ. "ನಾ ಖರೆ ಹೇಳಾಕೀನ."

ಅವ್ವ ನಕ್ಕಳು. "ಹೇಳಿ ಏನ್ ಮಾಡ್ತಿ? ನಿನ್ನ ಸಾಲಿ ನಡೀಬೇಕಲ್ಲ."

ಎಂಟು ವರ್ಷ ಹೀಗೇ ನಡೆಯಿತು. ಇಳಕಲ್ಲು, ಗುಡೂರು, ಹುನಗುಂದದ ಎಷ್ಟೋ ಮದುಮಕ್ಕಳು ಅವ್ವ ಕಟ್ಟಿದ ದಂಡಿಯಲ್ಲೇ ಮಂಟಪದಲ್ಲಿ ಅಕ್ಷತೆಯ ಅಕ್ಕಿಕಾಳಿಗೆ ನಿಂತರು. ಎಲ್ಲರೂ ಮಕ್ಕಳು ಮರಿ ಮಾಡಿಕೊಂಡು ಗುಂಡುಕಲ್ಲಿನ ಹಾಗಿದ್ದಾರೆ. ಯಾರ ತಾಳಿಯೂ ಹರಿಯಲಿಲ್ಲ.

ನನ್ನ ಮದುವೆಯ ದಂಡಿಯನ್ನು ಅವ್ವ ಮಂದಿಯ ಎದುರಿಗೇ ಕೂತು ಕಟ್ಟಬೇಕು ಎಂದು ನಾನು ಹಟ ಹಿಡಿದಿದ್ದೆ. ಅವಳು ಹೂಂ ಎಂದಿದ್ದಳು. ಮದುವೆಯ ಬೆಳಿಗ್ಗೆ ಸೋದರತ್ತೆ ದಂಡಿ ತಂದಾಗ ಗಂಟು ನೋಡಿದೆ. ಅದು ಅವ್ವನ ಗಂಟಲ್ಲ. ಬಾಗಲಕೋಟೆಯ ಅಂಗಡಿಯಿಂದ ಅವ್ವನೇ ತರಿಸಿದ್ದಳಂತೆ.

ಅಡುಗೆಯವರ ಹಿಂದೆ ಸರಿದು ನಿಂತಿದ್ದವಳ ರಟ್ಟೆ ಹಿಡಿದು ಕೇಳಿದೆ. "ಊರ ಮಂದಿ ಮಕ್ಕಳಿಗೆಲ್ಲಾ ಕಟ್ಟಿದಿ. ನನಗ್ಯಾಕ ಕಟ್ಟಲಿಲ್ಲ ಯವ್ವಾ?"

ಅವಳು ನನ್ನ ಮುಖ ನೋಡಲಿಲ್ಲ. "ನಿನಗೇನರ ಆದ್ರ ನಾ ಹೆಂಗ ಬದುಕ್ಲಿ? ಅವರು ಹೇಳಿದ್ದು ಖರೇನ ಇದ್ರ?"

ತನ್ನ ಕೈಗೆ ತಾನೇ ಹೆದರುವ ಹಾಗೆ ಅವಳನ್ನು ಮಾಡಿಟ್ಟವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.